17 ತಂಡ, ಒಂದು ಸೀಸನ್: ಎನ್‌ಬಿಎ ಹೆಸರು ಹುಟ್ಟಿದ ವರ್ಷದ ಲೆಕ್ಕ

ಇವತ್ತು ಒಂದು ಸಿಂಪಲ್ ಪ್ರಶ್ನೆ. ಎನ್‌ಬಿಎ ಶುರುವಾಗಿದ್ದು ಯಾವಾಗ? ಫೋನಲ್ಲಿ ಹುಡುಕಿದ್ರೆ 1946 ಅಂತ ಬರುತ್ತೆ. ಆದ್ರೆ 1946ರಲ್ಲಿ ಎನ್‌ಬಿಎ ಅನ್ನೋ ಹೆಸರೇ ಇರಲಿಲ್ಲ. ಆ ಹೆಸರು ಬಂದಿದ್ದು 1949ರ ಆಗಸ್ಟ್ 3ರಂದು, ಎರಡು ಲೀಗ್‌ಗಳು ಒಂದಾದಾಗ. ಈ ಮೂರು ವರ್ಷದ ವ್ಯತ್ಯಾಸ ಎಲ್ಲಿಂದ ಬಂತು ಅನ್ನೋದೇ ಇವತ್ತಿನ ಎಪಿಸೋಡ್.

ಮೊದಲನೆಯ ಲೀಗ್ ಎನ್‌ಬಿಎಲ್, 1937ರದ್ದು. ಅಮೆರಿಕದ ಫ್ಯಾಕ್ಟರಿ ಊರುಗಳ ಲೀಗ್. ಗುಡ್‌ಇಯರ್, ಫೈರ್‌ಸ್ಟೋನ್ ಟೈರ್ ಕಂಪನಿಗಳ ತಂಡಗಳಿದ್ವು. ಫೋರ್ಟ್ ವೇಯ್ನ್‌ನಲ್ಲಿ ಪಿಸ್ಟನ್ ಮಾಡ್ತಿದ್ದ ಫ್ರೆಡ್ ಝೋಲ್ನರ್ ತಮ್ಮ ತಂಡಕ್ಕೆ ಪಿಸ್ಟನ್ಸ್ ಅಂತಲೇ ಹೆಸರಿಟ್ರು. ಎರಡನೆಯದು ಬಿಎಎ, 1946ರದ್ದು. ಇದರ ಹಿಂದೆ ಇದ್ದೋರು ದೊಡ್ಡ ನಗರಗಳ ಒಳಾಂಗಣ ಕ್ರೀಡಾಂಗಣಗಳ ಮಾಲೀಕರು. ಐಸ್ ಹಾಕಿ ಇಲ್ಲದ ರಾತ್ರಿ ಕುರ್ಚಿಗಳು ಖಾಲಿ ಇರಬಾರದು, ಅಷ್ಟೇ ಯೋಚನೆ. ಅದರ ಅಧ್ಯಕ್ಷ ಮಾರಿಸ್ ಪೊಡೊಲಾಫ್ ಒಂದು ಹಾಕಿ ಲೀಗ್‌ಗೂ ಅಧ್ಯಕ್ಷರಾಗಿದ್ರು.

ಒಬ್ಬರ ಹತ್ರ ಒಳ್ಳೆ ಆಟಗಾರರು, ಇನ್ನೊಬ್ಬರ ಹತ್ರ ದೊಡ್ಡ ಕಟ್ಟಡ. ಆಗ ಟಿವಿ ದುಡ್ಡು ಅನ್ನೋದು ಲೆಕ್ಕಕ್ಕೇ ಇಲ್ಲ, ಆದಾಯ ಅಂದ್ರೆ ಟಿಕೆಟ್. ಹಾಗಾಗಿ ಕಟ್ಟಡ ಗೆದ್ದಿತು. 1948ರಲ್ಲೇ ಜಾರ್ಜ್ ಮೈಕನ್ ಇದ್ದ ಮಿನಿಯಾಪೊಲಿಸ್ ಲೇಕರ್ಸ್ ಸೇರಿ ನಾಲ್ಕು ತಂಡ ಎನ್‌ಬಿಎಲ್ ಬಿಟ್ಟು ಬಿಎಎ ಸೇರಿದ್ವು. ಮರುವರ್ಷ ವಿಲೀನ.

ನಾನು ಓದಿದ್ದು ಬಿ.ಕಾಂ. ಕಾರ್ಪೊರೇಟ್ ಅಕೌಂಟಿಂಗ್‌ನಲ್ಲಿ ಅಮಾಲ್ಗಮೇಷನ್, ಅಬ್ಸಾರ್ಪ್ಷನ್ ಅಂತ ಎರಡು ಪದ ಬರುತ್ತೆ. ಮೊದಲನೆಯದರಲ್ಲಿ ಎರಡು ಕಂಪನಿ ಸೇರಿ ಹೊಸದೊಂದಾಗುತ್ತೆ. ಎರಡನೆಯದರಲ್ಲಿ ಒಂದು ಇನ್ನೊಂದನ್ನ ನುಂಗುತ್ತೆ. 1949ರಲ್ಲಿ ಬೋರ್ಡ್ ಮೇಲೆ ಬರೆದಿದ್ದು ಮೊದಲನೆಯದು. ನಡೆದಿದ್ದು?

ಸೀಸನ್ ನೋಡಿ. 17 ತಂಡ. ಒಂದು ಕಡೆ ನ್ಯೂಯಾರ್ಕ್, ಬಾಸ್ಟನ್. ಇನ್ನೊಂದು ಕಡೆ ಶಿಬಾಯ್ಗನ್, ವಾಟರ್‌ಲೂ, ಆ್ಯಂಡರ್ಸನ್ ಥರದ ಸಣ್ಣ ಊರುಗಳು. ವೇಳಾಪಟ್ಟಿ ಅಂತೂ ವಿಚಿತ್ರ. ಕೆಲವರಿಗೆ 68 ಪಂದ್ಯ, ಕೆಲವರಿಗೆ 64, ಇನ್ನು ಕೆಲವರಿಗೆ 62. ಸಿರಕ್ಯೂಸ್ ಇದ್ದಿದ್ದು ಪೂರ್ವ ವಿಭಾಗದಲ್ಲಿ, ಹೆಚ್ಚು ಆಡಿದ್ದು ಪಶ್ಚಿಮದ ಹಳೇ ಎನ್‌ಬಿಎಲ್ ತಂಡಗಳ ಜೊತೆ. 51 ಗೆಲುವು, 13 ಸೋಲು.

ಆದ್ರೆ ಆಟ ಮಾತ್ರ ಚಪ್ಪೆ ಇರಲಿಲ್ಲ. 1949ರ ನವೆಂಬರ್ 24ರಂದು ಸಿರಕ್ಯೂಸ್ ಮತ್ತು ಆ್ಯಂಡರ್ಸನ್ ಐದು ಓವರ್‌ಟೈಮ್ ಆಡಿದ್ವು. ಸ್ಕೋರು 125-123, ಸಿರಕ್ಯೂಸ್‌ಗೆ ಜಯ. ಆ್ಯಂಡರ್ಸನ್ ತನ್ನ ವಿಭಾಗ ಗೆದ್ದು ಸೆಮಿಫೈನಲ್‌ವರೆಗೂ ಹೋಯ್ತು. ಫೈನಲ್‌ನಲ್ಲಿ ಲೇಕರ್ಸ್ ಸಿರಕ್ಯೂಸನ್ನ 4-2ರಿಂದ ಸೋಲಿಸ್ತು. ಅಂದ್ರೆ ಫೈನಲ್ ಆಡಿದ ಎರಡೂ ತಂಡ ಎನ್‌ಬಿಎಲ್‌ನಲ್ಲಿ ಬೆಳೆದಿದ್ದವು!

ಬಹುಮಾನ ಏನು ಸಿಕ್ತು? ಮುಂದಿನ ಸೀಸನ್ ಹೊತ್ತಿಗೆ 17 ಹೋಗಿ 11 ಆಯ್ತು. ಶಿಕಾಗೋ, ಸೇಂಟ್ ಲೂಯಿಸ್ ಕೂಡ ಮುಚ್ಚಿದ್ವು ನಿಜ. ಆದ್ರೆ ಶಿಬಾಯ್ಗನ್, ವಾಟರ್‌ಲೂ, ಡೆನ್ವರ್, ವಿಭಾಗ ಗೆದ್ದಿದ್ದ ಆ್ಯಂಡರ್ಸನ್, ಈ ನಾಲ್ಕೂ ಎನ್‌ಬಿಎಲ್ ಕಡೆಯವು. ಹೊರಗೆ ಬಿದ್ದೋರು ಬೇರೆ ಲೀಗ್ ಕಟ್ಟಿದ್ರು. ಅದು ಒಂದು ಸೀಸನ್ ಕೂಡ ಪೂರ್ತಿ ನಡೀಲಿಲ್ಲ.

ಬಾಗಿಲ ಹತ್ರಾನೂ ಬರಲಾಗದ ತಂಡ ಇನ್ನೊಂದಿದೆ. ಡೇಟನ್ ರೆನ್ಸ್. ಪೂರ್ತಿ ಕಪ್ಪು ವರ್ಣೀಯ ಆಟಗಾರರ ತಂಡ, ಕೋಚ್ ಪಾಪ್ ಗೇಟ್ಸ್. 1948-49ರಲ್ಲಿ ಎನ್‌ಬಿಎಲ್‌ನಲ್ಲಿ ಆಡಿತ್ತು. ವಿಲೀನದ 17ರಲ್ಲಿ ಅದರ ಹೆಸರಿಲ್ಲ. ಆ ಮೊದಲ ಸೀಸನ್‌ನಲ್ಲಿ ಒಬ್ಬನೇ ಒಬ್ಬ ಕಪ್ಪು ಆಟಗಾರನೂ ಇರಲಿಲ್ಲ. 1950ರ ಅಕ್ಟೋಬರ್ 31ರಂದು ಅರ್ಲ್ ಲಾಯ್ಡ್ ಕಣಕ್ಕಿಳಿದಾಗ ಅದನ್ನ ಇತಿಹಾಸ ಅಂದ್ರು. ಇತಿಹಾಸವೇ, ಅನುಮಾನ ಇಲ್ಲ. ಆದ್ರೆ ಎನ್‌ಬಿಎಲ್‌ನ ಎರಡು ತಂಡಗಳು ಆ ಬಾಗಿಲನ್ನ 1942ರಲ್ಲೇ ತೆರೆದಿದ್ವು.

ಈಗ ಲೆಡ್ಜರ್‌ಗೆ ಬರೋಣ. ಲೇಕರ್ಸ್ 1948ರಲ್ಲಿ ಎನ್‌ಬಿಎಲ್ ಕಪ್ ಗೆದ್ದಿತ್ತು, 1949ರಲ್ಲಿ ಬಿಎಎ ಕಪ್. ಅವರ ಅಧಿಕೃತ ಎನ್‌ಬಿಎ ಪ್ರಶಸ್ತಿಗಳ ಪಟ್ಟಿಯಲ್ಲಿ 1949 ಇದೆ, 1948 ಇಲ್ಲ. ಅದೇ ತಂಡ, ಅದೇ ಮೈಕನ್. ಉತ್ತರ ಸಿಕ್ತಲ್ಲ? ಲೇಕರ್ಸ್, ಪಿಸ್ಟನ್ಸ್, ಕಿಂಗ್ಸ್, ಹಾಕ್ಸ್, ಸೆವೆಂಟಿ ಸಿಕ್ಸರ್ಸ್, ಈ ಐದೂ ಎನ್‌ಬಿಎಲ್ ಬೇರಿನವು. ಆಸ್ತಿ ತಗೊಂಡ್ರು, ಹಳೇ ಖಾತೆ ಮಾತ್ರ ಮುಚ್ಚಿದ್ರು.

ಆಟ ಇರಲಿ, ಕಂಪನಿ ಇರಲಿ, ಇನ್ಮುಂದೆ ವಿಲೀನದ ಸುದ್ದಿ ಬಂದಾಗ ಹೊಸ ಲೋಗೋ ಜೊತೆ ಇನ್ನೊಂದನ್ನೂ ನೋಡಿ: ಯಾರ ಹುಟ್ಟಿದ ವರ್ಷ ಉಳೀತು? ನುಂಗಿದ್ದು ಯಾರು ಅಂತ ಅಲ್ಲೇ ಗೊತ್ತಾಗುತ್ತೆ.

ಈ ಎಪಿಸೋಡ್ ಇಷ್ಟ ಆದ್ರೆ ಬಾಸ್ಕೆಟ್‌ಬಾಲ್ ಹುಚ್ಚಿರೋ ಒಬ್ಬ ಫ್ರೆಂಡ್‌ಗೆ ಕಳಿಸಿ. ಮುಂದಿನ ವಾರ ಸಿಗೋಣ.