ಶಾಲೆ ಬಿಟ್ಟ ಮೇಲೆ

1939ರ ಅರಣ್ಯ ಸತ್ಯಾಗ್ರಹದಿಂದ ನಾಡಿಗೆ ಪರಿಚಿತವಾದ ತುರುವನೂರಿನ ಸೀಮೆಯಲ್ಲಿ, ಶೇಂಗಾ ಕೀಳುವ ಸುಗ್ಗಿ ಬಂದಿತೆಂದರೆ, ಶಾಲೆಯ ಕಡೆಯ ಗಂಟೆಗೂ ತಾಯಂದಿರು ಹೊಲದಿಂದ ಮರಳುವುದಕ್ಕೂ ನಡುವೆ ಎರಡು ತಾಸಿನ ಅಂತರವುಂಟು. ಬೀಗ ಹಾಕಿದ ಬಾಗಿಲ ಮುಂದೆ, ಪುಸ್ತಕದ ಚೀಲವನ್ನು ಮಡಿಲಲ್ಲಿಟ್ಟುಕೊಂಡು, ಹಸಿದ ತಮ್ಮನನ್ನು ಸಂತೈಸುತ್ತ ಕುಳಿತ ಬಾಲಕಿಗೆ ಆ ಅವಧಿ ಬಹು ದೀರ್ಘವಾದುದು. ಸಾಲಿನಲ್ಲಿ ಬಗ್ಗಿ ಗಿಡ ಕೀಳುವ ತಾಯಿಯ ಚಿತ್ತವೂ ಆ ಹೊಸ್ತಿಲಲ್ಲಿಯೇ ನೆಟ್ಟಿರುತ್ತದೆ.

ನಗರವಾಸಿಗಳು ಹಣ ತೆತ್ತು ಕೊಳ್ಳುವ ಸಂಜೆಯ ತರಗತಿ ಇವರಿಗೆ ಎಟುಕದು. ಆದರೆ 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮವು ಗ್ರಾಮ ಪಂಚಾಯಿತಿಗಳ ಗ್ರಂಥಾಲಯದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವವನ್ನು ಇತ್ತಿದೆ. ಅಲ್ಲಿ ಕಥೆಯ ಪುಸ್ತಕಗಳುಂಟು, ಕೆಲವೆಡೆ ಚದುರಂಗವೂ ಉಂಟು. ಎಲ್ಲಕ್ಕಿಂತ ಮಿಗಿಲಾಗಿ, ಮಗು ಇಲ್ಲಿದೆಯೆಂದು ಬಲ್ಲ ಹಿರಿಯರೊಬ್ಬರುಂಟು. ಅಂಕಗಳು ಏರುವವೋ ಬಿಡುವವೋ, ನನ್ನ ದೃಷ್ಟಿಯಲ್ಲಿ ಅದು ಎರಡನೆಯ ಮಾತು. ಕೂಲಿಯನ್ನು ಅರ್ಧಕ್ಕೆ ಬಿಟ್ಟು ಓಡಿಬರದೆ, ತಾಯಿಯು ದಿನದ ದುಡಿಮೆಯನ್ನು ನಿಶ್ಚಿಂತೆಯಿಂದ ಮುಗಿಸುವುದೇ ಮೊದಲನೆಯ ಲಾಭ.

ನಿಮ್ಮೂರಿನ ಗ್ರಂಥಾಲಯ ಸಂಜೆ ಎಷ್ಟು ಹೊತ್ತು ತೆರೆದಿರುತ್ತದೆಂದು ಮುಂದಿನ ಗ್ರಾಮಸಭೆಯಲ್ಲಿ ಕೇಳಿರಿ. ಸುಗ್ಗಿಯ ತಿಂಗಳುಗಳಲ್ಲಾದರೂ ದೀಪ ಹಚ್ಚುವ ವೇಳೆಯವರೆಗೆ ಅದರ ಬಾಗಿಲು ಮುಚ್ಚದಿರಲೆಂದು ಕೋರಿರಿ.