ಈ ರಾತ್ರಿ ಹಿಬ್ರಿಯರ ಗ್ರಂಥಗಳನ್ನು ಏಕೆ ಓದುತ್ತೇವೆ?

(ಪಾಸ್ಖ ಜಾಗರಣೆಯ ಪ್ರಬೋಧನೆ)



ಕತ್ತಲೆಯಲ್ಲಿ ಹೊಸ ಬೆಂಕಿ ಹೊತ್ತಿಸಿದೆವು. ಪಾಸ್ಖ ದೀಪದಿಂದ ನಮ್ಮ ನಮ್ಮ ಮೇಣದಬತ್ತಿಗಳನ್ನು ಬೆಳಗಿಸಿಕೊಂಡೆವು. ಆನಂತರ ಕುಳಿತು ಏಳು ವಾಚನಗಳನ್ನು ಕೇಳಿದೆವು. ಲೋಕದ ಸೃಷ್ಟಿ, ಅಬ್ರಹಾಮನ ಪರೀಕ್ಷೆ, ಕೆಂಪು ಸಮುದ್ರವನ್ನು ದಾಟಿದ್ದು, ಯೆಶಾಯನ ಎರಡು ವಾಚನಗಳು, ಬಾರೂಕ, ಯೆಜೆಕಿಯೇಲ. ನಡುವೆ ಕೆಲವು ಮಕ್ಕಳು ಅಮ್ಮನ ತೊಡೆಯ ಮೇಲೆ ಮಲಗಿದವು. ಒಬ್ಬಿಬ್ಬರು ಹಿರಿಯರಿಗೂ ತೂಕಡಿಕೆ ಬಂದಿರಬೇಕು.

ಪ್ರತಿ ವರ್ಷ ಈ ಹಬ್ಬದ ಮುನ್ನ ಧರ್ಮಕೇಂದ್ರಗಳಲ್ಲಿ ಒಂದು ಮಾತು ಕೇಳಿಬರುತ್ತದೆ. "ಏಳೂ ಬೇಕೇ ಫಾದರ್? ಮೂರಕ್ಕೆ ಮುಗಿಸಬಾರದೇ?" ಅಗತ್ಯ ಬಿದ್ದಾಗ ಮೂರಕ್ಕೆ ಇಳಿಸಲು ಧರ್ಮಸಭೆಯೇ ಅವಕಾಶ ಕೊಟ್ಟಿದೆ. ಆದರೆ ವಿಮೋಚನಾಕಾಂಡದ ವಾಚನವನ್ನು ಮಾತ್ರ ಯಾವ ಕಾರಣಕ್ಕೂ ಬಿಡುವಂತಿಲ್ಲ. ಆ ಮಾತಿನ ಹಿಂದೆ ಇನ್ನೊಂದು ಪ್ರಶ್ನೆಯೂ ಅಡಗಿದೆ. ಇವೆಲ್ಲ ಯಾವುದೋ ಕಾಲದ ಹಿಬ್ರಿಯರ ಕಥೆಗಳು. ಹುಬ್ಬಳ್ಳಿ-ಧಾರವಾಡದಲ್ಲಿರುವ ನಮಗೂ ಅವಕ್ಕೂ ಏನು ಸಂಬಂಧ? ಕ್ರಿಸ್ತರ ಪುನರುತ್ಥಾನವನ್ನು ಸಾರಲು ಶುಭಸಂದೇಶ ಒಂದೇ ಸಾಲದೇ?

ಯೆಹೂದ್ಯರ ಮನೆಗಳಲ್ಲಿ ಪಾಸ್ಖ ಊಟಕ್ಕೆ ಕುಳಿತಾಗ ಎಲ್ಲರಿಗಿಂತ ಚಿಕ್ಕ ಮಗು ಈ ರಾತ್ರಿ ಉಳಿದ ರಾತ್ರಿಗಳಂತೆ ಏಕಿಲ್ಲ ಎಂದು ಕೇಳುತ್ತದೆ. ಮಗು ಕೇಳಬೇಕು, ಮನೆಯ ಹಿರಿಯರು ಉತ್ತರಿಸಬೇಕು ಎಂಬುದು ವಿಮೋಚನಾಕಾಂಡದಲ್ಲೇ ಇರುವ ಅಪ್ಪಣೆ. ಆದ್ದರಿಂದ ಪ್ರಶ್ನೆ ಕೇಳುವುದು ಅವಿಶ್ವಾಸವಲ್ಲ. ನಾವೂ ಉತ್ತರ ಹುಡುಕೋಣ.

ಮೊದಲನೆಯದಾಗಿ, ನಮಗೇ ತಿಳಿಯದಂತೆ ನಾವು ಹಿಬ್ರೂ ಮಾತನಾಡುತ್ತೇವೆ. ಆಮೆನ್, ಅಲ್ಲೆಲೂಯ, ಹೊಸಾನ್ನ ಈ ಮೂರೂ ಹಿಬ್ರಿಯರಿಂದ ಬಂದ ನುಡಿಗಳು. ನಮ್ಮ ಧರ್ಮಕೇಂದ್ರದಲ್ಲಿ ಕನ್ನಡ, ಕೊಂಕಣಿ, ತಮಿಳು, ತೆಲುಗು ಮಾತನಾಡುವ ಕುಟುಂಬಗಳಿವೆ. ಆಮೆನ್ ಎನ್ನುವಾಗ ಎಲ್ಲರದೂ ಒಂದೇ ಭಾಷೆ. ಜ್ಞಾನಸ್ನಾನದ ದಾಖಲೆಪುಸ್ತಕ ತೆರೆದರೆ ಮರಿಯ, ಜೋಸೆಫ್, ಜಾನ್, ಎಲಿಜಬೆತ್, ಮೈಕಲ್. ಇವೂ ಹಿಬ್ರೂ ಹೆಸರುಗಳೇ. ಯೇಸು ಎಂಬ ನಾಮವೂ ಹಿಬ್ರೂ. ಸರ್ವೇಶ್ವರನೇ ರಕ್ಷಣೆ ಎಂಬುದು ಅದರ ಅರ್ಥ. ಆ ನಾಮ ಹೊತ್ತ ನಮ್ಮ ಪ್ರಭು ಕಲಿತದ್ದು, ಪ್ರಾರ್ಥಿಸಿದ್ದು, ಶಿಲುಬೆಯ ಮೇಲೆ ನೆನೆದದ್ದು ಈ ಗ್ರಂಥಗಳನ್ನೇ.

ಇನ್ನು ಈ ಗ್ರಂಥಗಳು ಮನುಷ್ಯನ ಧಾರ್ಮಿಕ ಚಿಂತನೆಗೆ ಏನು ಕೊಟ್ಟವು? ಮೊದಲ ವಾಚನವನ್ನು ನೆನಪಿಸಿಕೊಳ್ಳಿ. ಬಾಬಿಲೋನಿನಲ್ಲಿ ಸೂರ್ಯ ಒಬ್ಬ ದೇವರು, ಚಂದ್ರ ಇನ್ನೊಬ್ಬ ದೇವರು. ಆದರೆ ಆದಿಕಾಂಡದ ಮೊದಲ ಅಧ್ಯಾಯ ಅವೆರಡರ ಹೆಸರನ್ನು ಸಹ ಹೇಳದೆ, ಒಂದನ್ನು ದೊಡ್ಡ ದೀಪ, ಇನ್ನೊಂದನ್ನು ಚಿಕ್ಕ ದೀಪ ಎನ್ನುತ್ತದೆ. ಅಂದರೆ ಅವು ದೇವರು ತೂಗುಹಾಕಿದ ದೀಪಗಳು, ಅಷ್ಟೇ. ಇನ್ನು ಮನುಷ್ಯನ ವಿಚಾರ. ಸುತ್ತಲಿನ ನಾಡುಗಳಲ್ಲಿ ರಾಜನೊಬ್ಬನೇ ದೇವರ ಪ್ರತಿರೂಪ. ಇಲ್ಲಿ ಪ್ರತಿಯೊಬ್ಬ ಗಂಡೂ ಪ್ರತಿಯೊಬ್ಬ ಹೆಣ್ಣೂ ದೇವರ ಪ್ರತಿರೂಪ. ಆರು ದಿನ ದುಡಿದು ಏಳನೆಯ ದಿನ ವಿಶ್ರಮಿಸಬೇಕೆಂಬ ಕಟ್ಟಳೆಯಲ್ಲಿ ಒಡೆಯನ ಜೊತೆಗೆ ಆಳು, ಪರದೇಶಿ, ಎತ್ತು, ಕತ್ತೆಗಳಿಗೂ ಪಾಲಿದೆ. ಈ ಊರಿನಲ್ಲಿ ರೈಲ್ವೆ ವರ್ಕ್‌ಶಾಪ್ 1885ರಲ್ಲಿ ಆರಂಭವಾದಾಗಿನಿಂದ ಪಾಳಿಯ ಮೇಲೆ ದುಡಿದ ಮನೆಗಳಿಗೆ ವಾರಕ್ಕೊಂದು ರಜೆಯ ಬೆಲೆ ಏನೆಂದು ನಾವು ವಿವರಿಸಬೇಕಾಗಿಲ್ಲ.

ಮೂರನೆಯ ವಾಚನಕ್ಕೆ ಬರೋಣ. ಅರಸರು ತಮ್ಮ ಚರಿತ್ರೆಯನ್ನು ಕಲ್ಲಿನಲ್ಲಿ ಕೆತ್ತಿಸುವಾಗ ಗೆಲುವನ್ನಷ್ಟೇ ಕೆತ್ತಿಸುತ್ತಾರೆ. ಕ್ರಿ.ಪೂ. 1208ರ ಸುಮಾರಿಗೆ ಈಜಿಪ್ಟಿನ ಫರೋಹ ಮೆರ್ನೆಪ್ತಾ ಇಂಥದೇ ಒಂದು ಶಾಸನ ಬರೆಸಿದ. 1896ರಲ್ಲಿ ಫ್ಲಿಂಡರ್ಸ್ ಪೆಟ್ರಿ ಎಂಬ ಸಂಶೋಧಕರಿಗೆ ಅದು ಸಿಕ್ಕಿತು. ಇಸ್ರಯೇಲ್ ಎಂಬ ಹೆಸರಿರುವ ಅತ್ಯಂತ ಹಳೆಯ ಬರಹಗಳಲ್ಲಿ ಅದು ಒಂದು. ಅದರಲ್ಲಿ ಫರೋಹ ಹೇಳಿಕೊಂಡದ್ದೇನು ಗೊತ್ತೇ? ಇಸ್ರಯೇಲ್ ನಾಶವಾಯಿತು, ಅದರ ಬೀಜವೂ ಉಳಿದಿಲ್ಲ ಎಂದು. ಇಂದು ಆ ಕಲ್ಲು ವಸ್ತುಸಂಗ್ರಹಾಲಯದಲ್ಲಿದೆ. ಬೀಜವೂ ಉಳಿದಿಲ್ಲ ಎನಿಸಿಕೊಂಡವರ ಗ್ರಂಥವನ್ನು ಮೂರು ಸಾವಿರ ವರ್ಷಗಳ ಮೇಲೆ ಹುಬ್ಬಳ್ಳಿಯ ದೇವಾಲಯದಲ್ಲಿ ಕನ್ನಡದಲ್ಲಿ ಓದುತ್ತಿದ್ದೇವೆ.

ಹಿಬ್ರಿಯರು ತಮ್ಮ ಗುಲಾಮಗಿರಿಯನ್ನು ಮುಚ್ಚಿಡಲಿಲ್ಲ. ನಾವು ಫರೋಹನಿಗೆ ಇಟ್ಟಿಗೆ ಮಾಡುತ್ತಿದ್ದೆವು, ಹುಲ್ಲು ಕೊಡದೆ ಅಷ್ಟೇ ಲೆಕ್ಕದ ಇಟ್ಟಿಗೆ ಕೇಳಿದರು, ಲೆಕ್ಕ ತಪ್ಪಿದಾಗ ಹೊಡೆದರು ಎಂದು ಮಕ್ಕಳ ಮುಂದೆ ಹೇಳಿಕೊಂಡರು. ಆ ಕೂಗು ದೇವರಿಗೆ ಮುಟ್ಟಿತು ಎಂದೂ ಹೇಳಿದರು. ದೇವರು ಅರಮನೆಯ ಕಡೆಗಿಲ್ಲ, ಇಟ್ಟಿಗೆ ಹೊರುವವರ ಕಡೆಗಿದ್ದಾನೆ ಎಂಬ ಈ ಅರಿವು ಲೋಕಕ್ಕೆ ಅವರು ಕೊಟ್ಟ ದೊಡ್ಡ ಕಾಣಿಕೆ. ಪ್ರವಾದಿ ಆಮೋಸ ತಕ್ಕಡಿಯಲ್ಲಿ ಮೋಸ ಮಾಡುವ ಧಾನ್ಯದ ವ್ಯಾಪಾರಿಗಳನ್ನು ಬೈದದ್ದು ಇದೇ ಅರಿವಿನಿಂದ. ಪೂಜೆ ಒಂದು ಕಡೆ, ಸಂತೆಯ ತೂಕ ಇನ್ನೊಂದು ಕಡೆ ಎಂದು ಅವನು ಒಪ್ಪಲಿಲ್ಲ. ಕಾಯಕ, ದಾಸೋಹದ ಮಾತು ಕೇಳಿ ಬೆಳೆದ ಈ ನಾಡಿನ ಜನರಿಗೆ ಆಮೋಸ ಪರಕೀಯನೆನಿಸಲಾರ.

ಕೊನೆಯ ನಾಲ್ಕು ವಾಚನಗಳ ಹಿಂದಿರುವುದು ಒಂದು ದೊಡ್ಡ ದುಃಖ. ಕ್ರಿ.ಪೂ. 587ರ ಸುಮಾರಿಗೆ ಬಾಬಿಲೋನಿನ ಸೈನ್ಯ ಜೆರುಸಲೇಮನ್ನು ಸುಟ್ಟಿತು. ದೇವಾಲಯ ಹೋಯಿತು, ಅರಸ ಹೋದ, ನೆಲ ಹೋಯಿತು. ಆ ಕಾಲದ ತಿಳುವಳಿಕೆಯಂತೆ ಊರು ಸೋತರೆ ಊರ ದೇವರೂ ಸೋತಂತೆ. ಹಿಬ್ರಿಯರು ಹಾಗೆ ತಿಳಿಯಲಿಲ್ಲ. ದೇವರು ಸೋತಿಲ್ಲ, ನಾವು ದಾರಿ ತಪ್ಪಿದೆವು, ಆತ ನಮ್ಮನ್ನು ಮತ್ತೆ ಕರೆಯುತ್ತಾನೆ ಎಂದರು. ಕಲ್ಲಿನ ಹೃದಯ ತೆಗೆದು ಮಾಂಸದ ಹೃದಯ ಕೊಡುವ ದೇವರನ್ನು ಯೆಜೆಕಿಯೇಲ ಸಾರಿದ್ದು ಆ ಸೆರೆಯ ನಾಡಿನಲ್ಲಿ. ದೇವಾಲಯವಿಲ್ಲದ ಜನ ಗ್ರಂಥದ ಸುತ್ತ ಕೂಡಿದರು. ಓದಿದರು, ವಿವರಿಸಿದರು, ಕೀರ್ತನೆ ಹಾಡಿದರು. ಬಲಿಪೂಜೆಯ ಮೊದಲ ಭಾಗದಲ್ಲಿ ನಾವು ಮಾಡುವುದೂ ಇದನ್ನೇ.

ಹೀಗಿದ್ದರೂ ಈ ಗ್ರಂಥಗಳನ್ನು ಎಸೆಯಬೇಕೆಂದವರು ಧರ್ಮಸಭೆಯ ಒಳಗೇ ಇದ್ದರು. ಮಾರ್ಸಿಯೋನ್ ಎಂಬಾತ ಹಿಬ್ರಿಯರ ದೇವರೇ ಬೇರೆ, ಯೇಸುವಿನ ತಂದೆಯೇ ಬೇರೆ ಎಂದು ಬೋಧಿಸಿದ. ರೋಮಿನ ಧರ್ಮಸಭೆ 144ರಲ್ಲಿ ಅವನನ್ನು ಹೊರಗಿಟ್ಟಿತೇ ಹೊರತು ಗ್ರಂಥಗಳನ್ನು ಬಿಡಲಿಲ್ಲ. ಸಂತ ಜೆರೋಮರು ಯೆಹೂದ್ಯ ಗುರುಗಳ ಬಳಿ ಹಿಬ್ರೂ ಕಲಿತು, ಬೆತ್ಲೆಹೇಮಿನಲ್ಲಿ ಕುಳಿತು ಅವನ್ನು ಲತೀನ್ ಭಾಷೆಗೆ ತಂದರು. ಆದರೂ ಗ್ರಂಥ ಕೊಟ್ಟ ಜನರನ್ನೇ ಕ್ರೈಸ್ತರು ಶತಮಾನಗಳ ಕಾಲ ಹೀನಾಯವಾಗಿ ಕಂಡದ್ದು ನಿಜ. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಆ ತಿರಸ್ಕಾರವನ್ನು ಸ್ಪಷ್ಟವಾಗಿ ತಳ್ಳಿಹಾಕಿತು. 1986ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲ್ ರೋಮಿನ ಯೆಹೂದ್ಯ ಪ್ರಾರ್ಥನಾಮಂದಿರಕ್ಕೆ ಹೋಗಿ ಅವರನ್ನು ಹಿರಿಯ ಸಹೋದರರೆಂದು ಕರೆದರು.

ನಮ್ಮ ಅಜ್ಜ ಅಜ್ಜಿಯರು ಈ ರಾತ್ರಿಯ ವಾಚನಗಳನ್ನು ಲತೀನಿನಲ್ಲಿ ಕೇಳಿದರು. ಒಂದು ಕಾಲಕ್ಕೆ ಅವು ಹನ್ನೆರಡಿದ್ದವು, ಐವತ್ತರ ದಶಕದಲ್ಲಿ ನಾಲ್ಕಾದವು, 1970ರಿಂದ ಏಳಾಗಿವೆ. ಅರ್ಥವಾಗದಿದ್ದರೂ ಮೊಣಕಾಲೂರಿ ಕುಳಿತ ಹಿರಿಯರ ಭಕ್ತಿಗೆ ತಲೆಬಾಗಬೇಕು. ಅರ್ಥವಾಗುವ ಭಾಗ್ಯ ನಮ್ಮದು. ಆ ಭಾಗ್ಯಕ್ಕೆ ದುಡಿದವರನ್ನೂ ನೆನೆಯೋಣ. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರು ಬೈಬಲನ್ನು ಕನ್ನಡಕ್ಕೆ ತಂದರು. ಹೊಸ ಒಡಂಬಡಿಕೆ 1821ರಲ್ಲಿ ಅಚ್ಚಾಯಿತು, ಹಳೆಯದು ಸುಮಾರು ಹತ್ತು ವರ್ಷಗಳ ನಂತರ. ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದರು. ಹಿಬ್ರೂ, ಗ್ರೀಕ್ ಬಲ್ಲ ಫರ್ಡಿನೆಂಡ್ ಕಿಟೆಲರು ಇದೇ ನೆಲದಲ್ಲಿ ಕನ್ನಡದ ಪದಗಳನ್ನು ಕೂಡಿಸಿದರು. 1894ರಲ್ಲಿ ಅವರ ನಿಘಂಟು ಹೊರಬಂತು. ಅವರು ಪ್ರೊಟೆಸ್ಟಂಟ್ ಸಹೋದರರು. ಆದರೂ ಅವರ ದುಡಿಮೆಯ ಫಲ ನಮ್ಮ ಬಾಯಲ್ಲೂ ಇದೆ. ಬಾರೂಕನ ಗ್ರಂಥ ಅವರ ಹಳೆಯ ಒಡಂಬಡಿಕೆಯ 39 ಗ್ರಂಥಗಳಲ್ಲಿ ಇಲ್ಲ, ನಮ್ಮ ಹಳೆಯ ಒಡಂಬಡಿಕೆಯ 46ರಲ್ಲಿ ಇದೆ. ಈ ವ್ಯತ್ಯಾಸ ಜಗಳಕ್ಕೆ ಕಾರಣವಾಗದೆ ಪರಸ್ಪರ ತಿಳಿದುಕೊಳ್ಳಲು ನೆಪವಾಗಲಿ.

ಪ್ರಿಯರೇ, ಗ್ರಂಥ ಕಪಾಟಿನಲ್ಲಿದ್ದರೆ ಸಾಲದು. ನಮ್ಮ ಭಾಗದ ಜನ ಮಳೆ ಕೈಕೊಟ್ಟ ವರ್ಷ ಗೋವಾ, ಮಂಗಳೂರು, ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಬುತ್ತಿಗೆ ಕಟ್ಟಿಕೊಳ್ಳುವುದು ಕೆಡದ ಕಟಕು ರೊಟ್ಟಿ. ಅವಸರದಲ್ಲಿ ಹೊರಟ ಹಿಬ್ರಿಯರ ಹುಳಿಯಿಲ್ಲದ ರೊಟ್ಟಿಯೂ ಇಂಥ ಬುತ್ತಿಯೇ. ಹೊರ ಊರುಗಳಿಂದ ನಮ್ಮ ಸುತ್ತಲಿನ ಇಟ್ಟಂಗಿ ಭಟ್ಟಿಗಳಿಗೂ ಕುಟುಂಬಗಳು ಬರುತ್ತವೆ. ಮುಂಗಡ ಪಡೆದ ತಪ್ಪಿಗೆ ಸಾವಿರ ಇಟ್ಟಂಗಿಯ ಲೆಕ್ಕದಲ್ಲಿ ದುಡಿಯುವವರುಂಟು. ಶಾಲೆ ಬಿಟ್ಟು ತಾಯಿಯ ಬೆನ್ನಹಿಂದೆ ಮಣ್ಣು ತುಳಿಯುವ ಮಕ್ಕಳುಂಟು. ಜೀತವನ್ನು ನಮ್ಮ ದೇಶದ ಕಾನೂನು 1976ರಲ್ಲೇ ರದ್ದು ಮಾಡಿದೆ. ನಮ್ಮಲ್ಲಿ ಮನೆ ಕಟ್ಟಿಸುವವರಿದ್ದೀರಿ, ಗುತ್ತಿಗೆದಾರರಿದ್ದೀರಿ, ಶಿಕ್ಷಕರಿದ್ದೀರಿ. ಇಟ್ಟಂಗಿಯ ದರ ಕೇಳುವಾಗ ಅದನ್ನು ಮಾಡಿದವರ ಕೂಲಿಯನ್ನೂ ಕೇಳೋಣ. ಭಟ್ಟಿಯ ಮಗುವಿಗೆ ಹತ್ತಿರದ ಶಾಲೆಯ ಬಾಗಿಲು ತೆರೆಸೋಣ. ಇದನ್ನು ಮಾಡದೆ ಕೆಂಪು ಸಮುದ್ರದ ವಾಚನಕ್ಕೆ ಆಮೆನ್ ಎಂದರೆ ನಾವು ದಡದ ಯಾವ ಕಡೆಗೆ ನಿಂತಿದ್ದೇವೆ ಎಂದು ಕೇಳಿಕೊಳ್ಳಬೇಕಾಗುತ್ತದೆ.

ಪುನರುತ್ಥಾನರಾದ ಪ್ರಭು ಎಮ್ಮಾವು ದಾರಿಯಲ್ಲಿ ಇಬ್ಬರು ಶಿಷ್ಯರೊಡನೆ ನಡೆದರು. ತಮ್ಮ ಗಾಯಗಳನ್ನು ತೋರಿಸುವ ಮೊದಲು ಮೋಶೆಯಿಂದ ಹಿಡಿದು ಪ್ರವಾದಿಗಳ ತನಕ ಗ್ರಂಥಗಳನ್ನು ವಿವರಿಸಿದರು. ಅದನ್ನು ಕೇಳುತ್ತ ಅವರ ಹೃದಯ ಬೆಚ್ಚಗಾಯಿತು. ರೊಟ್ಟಿ ಮುರಿದಾಗ ಕಣ್ಣು ತೆರೆಯಿತು. ಗ್ರಂಥ ಮೊದಲು, ಅದರ ಬೆನ್ನಿಗೆ ರೊಟ್ಟಿ. ಈ ರಾತ್ರಿಯೂ ಅದೇ ಕ್ರಮದಲ್ಲಿ ನಡೆಯುತ್ತಿದ್ದೇವೆ.

ಒಂದು ಬಿನ್ನಹ. ನಾಳೆಯಿಂದ ಪೆಂತಕೋಸ್ತಿನವರೆಗೆ 50 ದಿನಗಳು. ವಿಮೋಚನಾಕಾಂಡದಲ್ಲಿ 40 ಅಧ್ಯಾಯಗಳಿವೆ. ರಾತ್ರಿಯ ಊಟಕ್ಕೆ ಮುಂಚೆ ದಿನಕ್ಕೊಂದು ಅಧ್ಯಾಯ ಓದೋಣ. ಟಿವಿ ಕಾಲು ಗಂಟೆ ಸುಮ್ಮನಿರಲಿ, ಮೊಬೈಲ್ ಇನ್ನೊಂದು ಕೋಣೆಯಲ್ಲಿರಲಿ. ಓದು ಬಾರದ ಅಜ್ಜಿಗೆ ಮೊಮ್ಮಗಳು ಓದಿ ಹೇಳಲಿ. ಅರ್ಥವಾಗದ್ದನ್ನು ಮಗು ಕೇಳಲಿ. ಉತ್ತರ ತಿಳಿಯದಿದ್ದರೆ ಭಾನುವಾರ ಪೂಜೆಯ ನಂತರ ನಮ್ಮಲ್ಲಿಗೆ ಬನ್ನಿ, ಕೂಡಿ ಹುಡುಕೋಣ. ಉಳಿದ 10 ದಿನಗಳು, ನಡುವೆ ತಪ್ಪಿಸಿಕೊಂಡವರಿಗೆ!

ಗುಲಾಮರ ಕೂಗನ್ನು ಕೇಳಿದ ದೇವರು, ತನ್ನ ಪುತ್ರನನ್ನು ಮರಣದಿಂದ ಎಬ್ಬಿಸಿದ ದೇವರು, ನಿಮ್ಮ ಮನೆಗಳನ್ನೂ ಮಕ್ಕಳನ್ನೂ ಆಶೀರ್ವದಿಸಲಿ. ಎಲ್ಲರಿಗೂ ಪಾಸ್ಖ ಹಬ್ಬದ ಶುಭಾಶಯಗಳು. ಅಲ್ಲೆಲೂಯ. ಆಮೆನ್.