ಪ್ರಧಾನ ವಾಕ್ಯವೂ ಉಪವಾಕ್ಯವೂ

ಇಂಗ್ಲಿಷು ವ್ಯಾಕರಣವೆಂದೊಡನೆ ನಮ್ಮಲ್ಲಿ ಅನೇಕರಿಗೆ ಹೈಸ್ಕೂಲಿನ ಕಪ್ಪು ಹಲಗೆಯೂ ಅದರ ಮೇಲೆ ಗೆರೆಯೆಳೆದು ಮಾಡಿದ ಚೌಕಗಳೂ ಜ್ಞಾಪಕಕ್ಕೆ ಬರುತ್ತವೆ. ಒಂದು ಚೌಕದಲ್ಲಿ ಪ್ರಧಾನ ವಾಕ್ಯ, ಮತ್ತೊಂದರಲ್ಲಿ ಉಪವಾಕ್ಯ, ಮೂರನೆಯದರಲ್ಲಿ ಅವುಗಳ ಸಂಬಂಧ. ಪರೀಕ್ಷೆ ಮುಗಿದ ಮರುದಿನವೇ ನಾವು ಇದನ್ನೆಲ್ಲ ಮರೆತೆವು. ಮರೆತುದಕ್ಕಾಗಿ ವ್ಯಥೆಯನ್ನೂ ಪಡಲಿಲ್ಲ. ಈ ವಿದ್ಯೆಯನ್ನು ವರ್ಷವರ್ಷವೂ ಕಾಲೇಜಿನಲ್ಲಿ ಹೇಳಿಕೊಡುತ್ತಿರುವ ನನಗೂ ಇದರಿಂದ ಪ್ರಯೋಜನವೇನೆಂಬ ಸಂಶಯ ಆಗಾಗ ಹುಟ್ಟುವುದುಂಟು. ಆ ಸಂಶಯ ಪರಿಹಾರವಾದದ್ದು ಉಳವಿಯಲ್ಲಿ.

ಉಳವಿ ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕಿನಲ್ಲಿ, ಸಹ್ಯಾದ್ರಿಯ ದಟ್ಟವಾದ ಕಾಡಿನ ನಡುವೆ ಇರುವ ಕ್ಷೇತ್ರ. ಚೆನ್ನಬಸವಣ್ಣನವರ ಸಮಾಧಿಸ್ಥಳವೆಂದು ಪ್ರಸಿದ್ಧವಾದುದು. ಮಾಘಮಾಸದ ಭಾರತ ಹುಣ್ಣಿಮೆಯ ಸುಮಾರಿಗೆ ನಡೆಯುವ ಜಾತ್ರೆಗೆ ಧಾರವಾಡ, ಬೆಳಗಾವಿಗಳ ಕಡೆಯ ರೈತರು ಇಂದಿಗೂ ಚಕ್ಕಡಿ ಹೂಡಿಕೊಂಡು ಬರುತ್ತಾರೆ. ಅಲ್ಲಿ ಚಕ್ಕಡಿಗಳ ಸಾಲಿನ ಪಕ್ಕದಲ್ಲಿ ನಾನು ಕುಳಿತಿದ್ದಾಗ, ಹಿಂದೆ ನನ್ನ ತರಗತಿಯಲ್ಲಿ ಓದಿದ್ದ ಆ ಸೀಮೆಯ ತರುಣನೊಬ್ಬನು ಮಡಿಸಿದ ಕಾಗದವೊಂದನ್ನು ನನ್ನ ಮುಂದೆ ಹಿಡಿದನು. ಅದರಲ್ಲಿದ್ದುದು ಇಂಗ್ಲಿಷಿನ ಒಂದೇ ಒಂದು ವಾಕ್ಯ. “ಇದನ್ನು ಬಿಡಿಸಿ ಹೇಳಿ, ಸಾರ್. ನಮ್ಮ ಗದ್ದೆಯ ಮಾತು ಇದರಲ್ಲಿದೆಯಂತೆ” ಎಂದನು.

ಆ ವಾಕ್ಯಕ್ಕೆ ಹೋಗುವ ಮೊದಲು, ವಾಕ್ಯವನ್ನು ಬಿಡಿಸುವ ಕ್ರಮ ಯಾವುದೆಂದು ನೋಡೋಣ. ‘ಚಕ್ಕಡಿಗಳು ಧಾರವಾಡದಿಂದ ಹೊರಟು, ಕಾಡನ್ನು ದಾಟಿ, ಉಳವಿಯನ್ನು ಸೇರಿದವು.’ ಇಲ್ಲಿ ಕೆಲಸಗಳು ಮೂರು. ಪೂರ್ಣಕ್ರಿಯಾಪದವು ‘ಸೇರಿದವು’ ಎಂಬುದೊಂದೇ. ‘ಹೊರಟು’, ‘ದಾಟಿ’ ಎಂಬವು ತಾವಾಗಿ ನಿಲ್ಲಲಾರವು. ಕೊನೆಯ ಕ್ರಿಯಾಪದ ಬರುವವರೆಗೂ ಕಾಯುತ್ತಿರುತ್ತವೆ. ಇಂಗ್ಲಿಷಿನ ಸ್ವಭಾವ ಬೇರೆ. ಅದು ಕರ್ತೃವಿನ ಬೆನ್ನಿಗೇ ಕ್ರಿಯಾಪದವನ್ನು ತಂದು ನಿಲ್ಲಿಸಿ, ಉಳಿದುದನ್ನು ಅನಂತರ ಒಂದೊಂದಾಗಿ ಕಟ್ಟುತ್ತದೆ. ನಾವು ಕೃದಂತದಿಂದ ಮುಗಿಸುವ ಕಡೆಯಲ್ಲಿ ಅದು ಬಹುಮಟ್ಟಿಗೆ ಮತ್ತೊಂದು ಪೂರ್ಣಕ್ರಿಯಾಪದವನ್ನೇ ಬಳಸುತ್ತದೆ.

ಆದುದರಿಂದ ಮೊದಲು ಪೂರ್ಣಕ್ರಿಯಾಪದಗಳನ್ನು ಎಣಿಸಬೇಕು. ಸಾಮಾನ್ಯವಾಗಿ ಅವು ಎಷ್ಟೋ ಒಳವಾಕ್ಯಗಳೂ ಅಷ್ಟೇ. ಅನಂತರ ‘ವ್ಹೆನ್’, ‘ಇಫ್’, ‘ಹೂ’, ‘ವಿಚ್’, ‘ದಟ್’ ಮೊದಲಾದ ಕೊಂಡಿಗಳನ್ನು ಹುಡುಕಬೇಕು. ಕೊಂಡಿಯಿಂದ ಮತ್ತೊಂದಕ್ಕೆ ತಗಲಿಕೊಂಡಿರುವುದು ಉಪವಾಕ್ಯ. ತಾನಾಗಿ ನಿಲ್ಲುವುದು ಪ್ರಧಾನ ವಾಕ್ಯ. ಕಡೆಯದಾಗಿ ಉಪವಾಕ್ಯವು ಯಾರ ಊಳಿಗದಲ್ಲಿದೆ ಎಂದು ಕೇಳಬೇಕು. ‘ಜಾತ್ರೆ ಬಂತೆಂದು ಬಲ್ಲನು’ ಎಂಬಲ್ಲಿ ‘ಜಾತ್ರೆ ಬಂತೆಂದು’ ಎಂಬುದು ನಾಮಪದದ ಕೆಲಸ ಮಾಡುತ್ತದೆ. ‘ಕತ್ತಲಾದಾಗ ನಿಂತರು’ ಎಂಬಲ್ಲಿ ‘ಕತ್ತಲಾದಾಗ’ ಎಂಬುದು ಕ್ರಿಯಾವಿಶೇಷಣ. ‘ದಣಿದ ಎತ್ತು’ ಎಂಬಲ್ಲಿ ‘ದಣಿದ’ ಎಂಬುದು ನಾಮವಿಶೇಷಣ. ಇಂಗ್ಲಿಷು ಇವುಗಳಿಗೆ ಕ್ರಮವಾಗಿ ‘ದಟ್’, ‘ವ್ಹೆನ್’, ‘ವಿಚ್’ ಎಂಬ ಕೊಂಡಿಗಳನ್ನು ಹಾಕುತ್ತದೆ.

ನಾವು ಎಡವುವುದು ಈ ನಾಮವಿಶೇಷಣದಲ್ಲಿ. ‘ದಣಿದ ಎತ್ತುಗಳಿಗೆ ನೀರು ಕುಡಿಸಿದರು’ ಎಂದರೆ ಎಲ್ಲ ಎತ್ತುಗಳೂ ದಣಿದಿದ್ದವೇ, ಅಥವಾ ದಣಿದವುಗಳಿಗೆ ಮಾತ್ರ ನೀರು ದೊರಕಿತೇ? ನಮ್ಮ ಮಾತು ಅದನ್ನು ಸಂದರ್ಭಕ್ಕೆ ಬಿಡುತ್ತದೆ. ಇಂಗ್ಲಿಷಿನ ಬರಹದಲ್ಲಿ ‘ವಿಚ್’ ಉಪವಾಕ್ಯದ ಎರಡು ಪಕ್ಕದಲ್ಲೂ ಅಲ್ಪವಿರಾಮವಿದ್ದರೆ ಎಲ್ಲ ಎತ್ತುಗಳಿಗೂ ನೀರು. ಇಲ್ಲದಿದ್ದರೆ ದಣಿದವುಗಳಿಗೆ ಮಾತ್ರ. ಒಂದು ಜೊತೆ ಚುಕ್ಕೆಗಳ ಮೇಲೆ ಎತ್ತಿನ ಬಾಯಾರಿಕೆ ನಿಂತಿದೆ.

ಈಗ ತರುಣನ ಕಾಗದಕ್ಕೆ ಬರೋಣ. ಅದರಲ್ಲಿದ್ದುದು 2006ರ ಅರಣ್ಯ ಹಕ್ಕುಗಳ ಅಧಿನಿಯಮದಲ್ಲಿ ‘ಇತರ ಪಾರಂಪರಿಕ ಅರಣ್ಯವಾಸಿ’ ಎಂದರೆ ಯಾರೆಂದು ಹೇಳುವ ವಾಕ್ಯ. ಪರಿಶಿಷ್ಟ ಪಂಗಡಗಳಿಗೆ ಸೇರದೆ ಕಾಡಿನಲ್ಲಿ ಬಾಳುವವರಿಗೆ ಆ ಕಾನೂನಿನ ಬಾಗಿಲು ಇದೇ. ವಾಕ್ಯದ ಪ್ರಧಾನ ಕ್ರಿಯಾಪದ ‘ಮೀನ್ಸ್’. ಅದರ ಮುಂದೆ ‘ಸದಸ್ಯ ಅಥವಾ ಸಮುದಾಯ’ ಎಂಬರ್ಥದ ಮಾತು. ಆ ಮಾತಿಗೆ ತಗಲಿಕೊಂಡು ‘ಹೂ’ ಎಂದು ಮೊದಲಾಗುವ ಎರಡು ಉಪವಾಕ್ಯಗಳು. ಕನ್ನಡದಲ್ಲಿ ಬಿಡಿಸಿದರೆ ಹೀಗಾಗುತ್ತದೆ: ಯಾರು 2005ರ ಡಿಸೆಂಬರ್ 13ಕ್ಕೆ ಹಿಂದೆ ಕಡಮೆಯೆಂದರೆ ಮೂರು ತಲೆಮಾರು ಮುಖ್ಯವಾಗಿ ಅಲ್ಲಿ ವಾಸಿಸಿರುವರೋ, ಮತ್ತು ಯಾರು ನಿಜವಾದ ಜೀವನಾವಶ್ಯಕತೆಗಳಿಗಾಗಿ ಕಾಡನ್ನಾಗಲಿ ಅರಣ್ಯಭೂಮಿಯನ್ನಾಗಲಿ ಅವಲಂಬಿಸಿರುವರೋ, ಅವರು. ನಡುವೆ ‘ಅಂಡ್’ ಇರುವುದರಿಂದ ಎರಡು ಲಕ್ಷಣಗಳೂ ಬೇಕು. ಒಂದು ತಲೆಮಾರೆಂದರೆ 25 ವರ್ಷವೆಂದು ಅಧಿನಿಯಮವೇ ವಿವರಿಸುತ್ತದೆ. ಅಲ್ಲಿಗೆ 75 ವರ್ಷವಾಯಿತು. ಮೊದಲನೆಯ ‘ಹೂ’ ಎಂಬುದಕ್ಕೆ ಏಕವಚನದ ಕ್ರಿಯಾಪದವನ್ನೂ ಎರಡನೆಯದಕ್ಕೆ ಬಹುವಚನವನ್ನೂ ಅಲ್ಲಿ ಹಾಕಿದ್ದಾರೆ. ನನ್ನ ವಿದ್ಯಾರ್ಥಿಗಳು ಬರೆದಿದ್ದರೆ ಕೆಂಪು ಶಾಯಿ ಬೀಳುತ್ತಿತ್ತು.

ಸಾಗುವಳಿಯ ಆ ಗದ್ದೆಯೇ 75 ವರ್ಷಗಳಿಂದ ಸ್ವಾಧೀನದಲ್ಲಿದ್ದುದಕ್ಕೆ ದಾಖಲೆ ತರದಿದ್ದರೆ ಅರ್ಜಿ ನಿಷ್ಫಲವೆಂದು ಯಾರೋ ಆ ತರುಣನಿಗೆ ಹೇಳಿದ್ದರು. ನಾವಿಬ್ಬರೂ ವಾಕ್ಯವನ್ನು ಚೌಕಗಳಲ್ಲಿ ಬರೆದು ನೋಡಿದೆವು. ‘ಮೂರು ತಲೆಮಾರು’ ಎಂಬ ಮಾತು ಮೊದಲನೆಯ ಉಪವಾಕ್ಯದ ಒಳಗಿದೆ. ಅಲ್ಲಿಯ ಕ್ರಿಯೆ ವಾಸಿಸುವುದು. ಎರಡನೆಯ ‘ಹೂ’ ಬಂದೊಡನೆ ಆ ಕೋಣೆಯ ಬಾಗಿಲು ಮುಚ್ಚಿತು. ಒಳಗಿನ 75 ವರ್ಷ ಹೊರಕ್ಕೆ ಬರಲಾರದು. ಸ್ವಾಧೀನದ ಮಾತು ಈ ವಾಕ್ಯದಲ್ಲಿಯೇ ಇಲ್ಲ. ಅದು ನಾಲ್ಕನೆಯ ಪ್ರಕರಣದಲ್ಲಿದೆ. ಅಲ್ಲಿ ಸ್ವಾಧೀನವು 2005ರ ಡಿಸೆಂಬರ್ 13ಕ್ಕೆ ಮೊದಲೇ ಇದ್ದಿರಬೇಕೆಂದು ಹೇಳಿದೆಯೇ ಹೊರತು ತಲೆಮಾರುಗಳ ಲೆಕ್ಕವಿಲ್ಲ.

ವ್ಯಾಕರಣದಿಂದಲೇ ಅರ್ಜಿ ಗೆಲ್ಲುವುದಿಲ್ಲ. ಮೂರು ತಲೆಮಾರಿನ ವಾಸವನ್ನು ಸಾಕ್ಷಿಯಿಂದ ತೋರಿಸುವ ಹೊರೆ ಅವನ ಮೇಲೆ ಹಾಗೆಯೇ ಉಳಿಯಿತು. ಆದರೆ ತೋರಿಸಬೇಕಾದುದು ಯಾವುದು, ತೋರಿಸಬೇಕಾಗಿಲ್ಲದುದು ಯಾವುದು ಎಂಬುದು ಅವನಿಗೆ ಸ್ಪಷ್ಟವಾಯಿತು. ಕಾಗದವನ್ನು ಮತ್ತೆ ಮಡಿಸುತ್ತ, “ತರಗತಿಯಲ್ಲಿ ಇದನ್ನು ಎತ್ತಿನ ಮೇಲೆ ಹೇಳಿದ್ದರೆ ಅಂದೇ ತಿಳಿಯುತ್ತಿತ್ತು, ಸಾರ್” ಎಂದನು. ಆ ಮಾತು ನನಗೆ ನಾಟಿತು. ಕನ್ನಡ ವಾಕ್ಯದ ಕಟ್ಟನ್ನು ಬದಿಗಿಟ್ಟು ಇಂಗ್ಲಿಷಿನ ಚೌಕಗಳನ್ನು ತುಂಬಿಸುವುದೇ ನಮ್ಮ ಪಾಠಗಳ ದೋಷ. ಇದೇ ಜಿಲ್ಲೆಯ ಹಾಡುವಳ್ಳಿಯ ಮಠಕ್ಕೆ ಸಂಬಂಧಪಟ್ಟ ಭಟ್ಟಾಕಳಂಕನು 1604ರಲ್ಲಿ ಕನ್ನಡದ ವ್ಯಾಕರಣವನ್ನು ಸಂಸ್ಕೃತದ 592 ಸೂತ್ರಗಳಲ್ಲಿ ರಚಿಸಿದನು. ಒಂದು ನುಡಿಯನ್ನು ಮತ್ತೊಂದರ ಬೆಳಕಿನಲ್ಲಿ ನೋಡುವುದು ನಮಗೆ ಹೊಸದಲ್ಲ. ನಿಮ್ಮ ಮಕ್ಕಳು ಉದ್ದವಾದ ಇಂಗ್ಲಿಷು ವಾಕ್ಯವನ್ನು ಕಂಡು ಅಂಜಿದರೆ, ಅದನ್ನು ‘ಯಾರು’, ‘ಅವರು’ ಎಂದು ಕನ್ನಡದಲ್ಲಿ ಬಿಡಿಸಿ ಹೇಳಿರೆಂದು ಮೊದಲು ಕೇಳಿರಿ. ಚೌಕಗಳನ್ನು ಆಮೇಲೆ ಎಳೆಯಬಹುದು.